ಮೊದಲ ಪುಟದ ಮೂರನೇ ಹೆಸರು

ಚಿತ್ರಕತೆ ಪುಸ್ತಕ ಓದಿದವರು ಚಿತ್ರ ಬರೆದವನನ್ನು ಹೊಗಳುತ್ತಾರೆ, ಕತೆ ಕಟ್ಟಿದವನನ್ನು ನೆನೆಯುತ್ತಾರೆ. ಪಾತ್ರಗಳ ಬಾಯಿಂದ ಹೊರಡುವ ಬಲೂನಿನೊಳಗೆ ಆ ಮಾತುಗಳನ್ನು ಒಂದೊಂದೇ ಅಕ್ಷರವಾಗಿ ಕೈಯಲ್ಲಿ ಬರೆದವರು ಯಾರು ಅಂತ ಕೇಳಿದ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಆ ಕೆಲಸವನ್ನು ಮೂವತ್ತೆಂಟು ವರ್ಷ ಮಾಡಿದ ಒಬ್ಬ ಹೆಂಗಸಿದ್ದಾಳೆ. ಕಚೇರಿಯವರಿಂದ ಹಿಡಿದು ಬೀದಿ ಕೊನೆಯ ಹಾಲಿನ ಅಂಗಡಿಯವನವರೆಗೆ ಎಲ್ಲರಿಗೂ ಅವಳು ಅಕ್ಷರದಕ್ಕ. ಗಡಿಯಾರ ರಿಪೇರಿ ಮಾಡುವ ಅವಳ ಗಂಡ ಮಾತ್ರ 'ಏ ಇವಳೇ' ಅನ್ನುತ್ತಿದ್ದ. ಅದಕ್ಕೆ ಅವಳು, ಬೇರೆ ಎಷ್ಟು ಜನ 'ಇವಳು' ಇದ್ದಾರೆ ಈ ಮನೆಯಲ್ಲಿ ಅಂತ ದಿನಕ್ಕೊಮ್ಮೆಯಾದರೂ ಜಗಳ ತೆಗೆಯುತ್ತಿದ್ದಳು.

ಅವಳ ಕೈಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅಳತೆಪಟ್ಟಿ ಇಡದೆ ಸಾಲು ನೇರ ಬರುತ್ತಿತ್ತು. ಕಳ್ಳ ಪಿಸುಗುಟ್ಟಿದರೆ ಅಕ್ಷರವೂ ಮೈ ಮುದುಡಿಕೊಂಡು ಕೂರುತ್ತಿತ್ತು, ಸೈನಿಕ ಗುಡುಗಿದರೆ ಬಲೂನೇ ಒಡೆಯುತ್ತದೇನೋ ಅನ್ನಿಸುತ್ತಿತ್ತು. ಒಂದು ಪುಟಕ್ಕೆ ಎರಡು ಗಂಟೆ, ನಡುವೆ ಒಂದು ಲೋಟ ಚಹಾ, ಅಷ್ಟೇ. ಕೋಪ ಮಾತ್ರ ಮೂಗಿನ ತುದಿಯಲ್ಲೇ. ಮೇಜಿನ ಹತ್ತಿರ ಯಾರಾದರೂ ಕಾಲು ಕುಣಿಸಿಕೊಂಡು ನಿಂತರೆ ಮುಗಿಯಿತು, ಅವರ ಏಳು ತಲೆಮಾರಿನ ವಿಚಾರಣೆ ಅಲ್ಲೇ ನಡೆಯುತ್ತಿತ್ತು.

ಮೊದಲ ಹನ್ನೊಂದು ವರ್ಷ ಅವಳು ದುಡಿದದ್ದು ಒಂದು ದೊಡ್ಡ ಕಂಪನಿಯಲ್ಲಿ. ವಾರಕ್ಕೆ ಮೂರು ಚಿತ್ರಕತೆ ಪುಸ್ತಕ ಹೊರಡಿಸುವ ಕಂಪನಿ ಅದು. ಅಲ್ಲಿ ಎಲ್ಲರಿಗೂ ಪುಟದ ಲೆಕ್ಕದಲ್ಲಿ ಚೆಕ್ಕು ಕೊಡುತ್ತಿದ್ದರು. ಚೆಕ್ಕಿನ ಬೆನ್ನ ಮೇಲೆ ಇರುವೆಯಷ್ಟು ಸಣ್ಣಕ್ಷರದಲ್ಲಿ ಮೂರು ಸಾಲು ಅಚ್ಚಾಗಿರುತ್ತಿತ್ತು. ಈ ಕೆಲಸದಲ್ಲಿ ಹುಟ್ಟಿದ ಕತೆ, ಚಿತ್ರ, ಪಾತ್ರ ಎಲ್ಲವೂ ಎಂದೆಂದಿಗೂ ಕಂಪನಿಯದು ಅಂತ. ಅದರ ಕೆಳಗೆ ಸಹಿ ಹಾಕಿದರೆ ಮಾತ್ರ ಬ್ಯಾಂಕಿನಲ್ಲಿ ದುಡ್ಡು. ಮನೆಯಲ್ಲಿ ಅಕ್ಕಿ ಮುಗಿದಿರುವಾಗ ಚೆಕ್ಕಿನ ಬೆನ್ನು ಓದುತ್ತಾ ಕೂರುವವರು ಯಾರು? ಎಲ್ಲರೂ ಸಹಿ ಹಾಕಿದರು, ಅವಳೂ ಹಾಕಿದಳು.

ಅದೇ ಕಂಪನಿಯಲ್ಲಿ ಗೆರೆಯಣ್ಣ ಇದ್ದ. ಚಿತ್ರಗಾರ, ಮಾತು ಕಡಿಮೆ, ಪೆನ್ಸಿಲ್ ಹಿಡಿದರೆ ರಾಕ್ಷಸ. ಅವನು ಹುಟ್ಟಿಸಿದ ಹಾರುವ ದರ್ಜಿ ಅನ್ನುವ ಪಾತ್ರ ಮನೆಮನೆಯ ಮಾತಾಯಿತು. ಗೊಂಬೆ ಬಂತು, ಬನಿಯನ್ನು ಬಂತು, ಶಾಲೆ ಚೀಲ ಬಂತು. ಇವನಿಗೆ ಬಂದದ್ದು ಮಾತ್ರ ಅದೇ ಪುಟದ ಲೆಕ್ಕದ ಚೆಕ್ಕು. ಒಂದು ದಿನ ಅವನು ಕಂಕುಳಲ್ಲಿ ಹಾರುವ ದರ್ಜಿಯ ಶಾಲೆ ಚೀಲ ಇಟ್ಟುಕೊಂಡು ಬಂದ. ಕಂಪನಿಯವರು ಕೊಟ್ಟರಾ ಅಂತ ಅಕ್ಷರದಕ್ಕ ಕೇಳಿದಳು. ಇಲ್ಲ, ಮಗಳು ಹಟ ಹಿಡಿದಳು, ಅಂಗಡಿಯಲ್ಲಿ ಕೊಂಡೆ, ಚೌಕಾಸಿ ಮಾಡಿದರೆ ಅಂಗಡಿಯವನು ಬೈದ ಅಂತ ಹೇಳಿ ನಕ್ಕ. ತಾನು ಹೆತ್ತ ಮಗುವನ್ನು ತಾನೇ ದುಡ್ಡು ಕೊಟ್ಟು ಮನೆಗೆ ಕರೆದುಕೊಂಡು ಹೋಗುವ ಸ್ಥಿತಿ ನೋಡಿ ಅವಳಿಗೆ ತಡೆಯಲಾಗಲಿಲ್ಲ.

ಅವಳೇ ತಿವಿದು ತಿವಿದು ಅವನನ್ನು ಮಾಲೀಕರ ಕೋಣೆಗೆ ಕಳಿಸಿದಳು, ಗೊಂಬೆ ಮಾರಿದ ಲಾಭದಲ್ಲಿ ಒಂದು ಚೂರು ಕೇಳು ಅಂತ. ಹತ್ತು ನಿಮಿಷದಲ್ಲಿ ಆಚೆ ಬಂದ. ಹಾರುವ ದರ್ಜಿಯನ್ನು ಸೋಮವಾರದಿಂದ ಬೇರೆ ಚಿತ್ರಗಾರ ಬರೆಯುತ್ತಾನಂತೆ, ಇವನು ಬರಬೇಕಾಗಿಲ್ಲವಂತೆ. ಅಕ್ಷರದಕ್ಕ ಆಗ ಬರೆಯುತ್ತಿದ್ದ ಬಲೂನನ್ನು ಅರ್ಧಕ್ಕೇ ಬಿಟ್ಟು, ನಿಬ್ಬು ತೊಳೆದು, ಒರೆಸಿ, ಡಬ್ಬಿಗೆ ಹಾಕಿಕೊಂಡು ಎದ್ದಳು. ಕತೆ ಬರೆಯುತ್ತಿದ್ದ ಮೇಷ್ಟ್ರು ಗಾಬರಿಯಾಗಿ, ನೀನೆಲ್ಲಿಗೆ ಹೊರಟೆ ಅಂದರು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಗಟ್ಟಿಯಾಗಿ ಸೀನಲಿಕ್ಕೂ ಹೆದರುವ ಜೀವ. ನಿಮ್ಮನ್ನೂ ಕರಕೊಂಡು ಹೋಗ್ತಾ ಇದ್ದೀನಿ, ಛತ್ರಿ ತಗೊಳ್ಳಿ ಅಂದಳು. ಮೇಷ್ಟ್ರು ಛತ್ರಿ ತೆಗೆದುಕೊಂಡರು! ಅದು ಹೇಗೆ ಎದ್ದು ಬಂದೆನೋ ನನಗೇ ಗೊತ್ತಿಲ್ಲ ಅಂತ ಅವರು ಇವತ್ತಿಗೂ ಹೇಳುತ್ತಾರೆ.

ಹೀಗೆ ಅವಳ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೂವರ ಪತ್ರಿಕೆ ಶುರುವಾಯಿತು. ಗಂಡ ತನ್ನ ಗಡಿಯಾರಗಳನ್ನೆಲ್ಲ ಅಡುಗೆಮನೆಯ ಗೂಡಿಗೆ ಸಾಗಿಸಿ ಜಾಗ ಬಿಟ್ಟುಕೊಟ್ಟ. ಮೊದಲ ದಿನವೇ ಅಕ್ಷರದಕ್ಕ ಒಂದು ಹಾಳೆ ತೆಗೆದು, ತನ್ನ ಮುತ್ತಿನಂಥ ಅಕ್ಷರದಲ್ಲಿ ನಿಯಮ ಬರೆದಳು. ಈ ಪತ್ರಿಕೆಯಲ್ಲಿ ಹುಟ್ಟುವ ಯಾವುದೇ ಪಾತ್ರ ಪತ್ರಿಕೆಯದಲ್ಲ. ಅದು ಮೊದಲ ಸಂಚಿಕೆಯ ಮೊದಲ ಪುಟದಲ್ಲಿ ಹೆಸರಿರುವವರದು. ಬಂದ ಲಾಭ ಹೆಸರಿಗೆ ಒಂದರಂತೆ ಸಮಪಾಲು. ಇಷ್ಟೇ. ಮೂವರೂ ಸಹಿ ಹಾಕಿದರು. ಆ ಕಾಲಕ್ಕೆ ಆ ಕಸುಬಿನಲ್ಲಿ ಇಂಥ ಮಾತನ್ನು ಕನಸಿನಲ್ಲೂ ಯಾರೂ ಆಡಿರಲಿಲ್ಲ, ಹಾಳೆ ಮೇಲೆ ಬರೆಯುವುದಂತೂ ದೂರದ ಮಾತು.

ಮೊದಲ ಸಂಚಿಕೆಯಲ್ಲೇ ಹುಟ್ಟಿದವನು ಬೀಗದಜ್ಜ. ಯಾವ ಬೀಗವಾದರೂ ತೆರೆಯಬಲ್ಲ ಮುದುಕ, ಬೀಗದ ಜೊತೆಗೆ ಊರಿನ ಗುಟ್ಟುಗಳನ್ನೂ ಬಿಚ್ಚುತ್ತಾ ಹೋಗುತ್ತಾನೆ. ಮೇಷ್ಟ್ರು ಅವನಿಗೆ ಬರೆದಿದ್ದ ಮಾತು ಬಲು ಚಿಕ್ಕದು, ಗೆರೆಯಣ್ಣ ಬಿಡಿಸಿದ್ದ ಬಲೂನು ಬಲು ದೊಡ್ಡದು. ಖಾಲಿ ಜಾಗ ಕಂಡರೆ ಅಕ್ಷರದಕ್ಕನಿಗೆ ಆಗುವುದಿಲ್ಲ. 'ಆಗಲಿ ಸ್ವಾಮಿ, ತೆಗೆದುಕೊಡುತ್ತೇನೆ' ಅನ್ನುವ ಸಾಲಿನ ಕೆಳಗೆ, ಬಲೂನಿನ ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣದಾಗಿ ತನ್ನದೇ ಒಂದು ಸಾಲು ಸೇರಿಸಿದಳು: 'ಬೀಗದ ಕೈ ಅಲ್ಲ, ಇವನು ಕಳಕೊಂಡಿರೋದು ಬುದ್ಧಿ.' ಗೆರೆಯಣ್ಣ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಂದಿನಿಂದ ಬೀಗದಜ್ಜನ ಗೊಣಗಾಟ ಪೂರಾ ಅವಳದೇ. ಮಕ್ಕಳು ಪುಸ್ತಕ ಕೈಗೆ ಬಂದ ತಕ್ಷಣ ಮೂಗಿಗೆ ತಗುಲಿಸಿಕೊಂಡು ಮೊದಲು ಆ ಸಣ್ಣಕ್ಷರ ಹುಡುಕುತ್ತಿದ್ದರು. ದೊಡ್ಡವರೂ ಏನು ಕಡಿಮೆ ಇರಲಿಲ್ಲ.

ಪತ್ರಿಕೆ ಇಪ್ಪತ್ತೇಳು ವರ್ಷ ನಡೆಯಿತು. ಬೇರೆ ಎಷ್ಟೋ ಜನ ತಮ್ಮ ಪಾತ್ರಗಳನ್ನು ತಂದರು, ನಿಯಮದ ಪ್ರಕಾರ ಪಾಲು ತೆಗೆದುಕೊಂಡು ಹೋದರು. ಆ ಹಾಳೆಯನ್ನು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಒಮ್ಮೆ ಅಚ್ಚಿನ ಮನೆಯ ಯಜಮಾನ ಬಂದು, ಒಂದು ಕತೆಯ ಕೊನೆ ತಾನೇ ಹೇಳಿಕೊಟ್ಟದ್ದು, ತನಗೂ ಪಾಲು ಬೇಕು ಅಂದ. ಪುಟದಲ್ಲಿ ನಿಮ್ಮ ಹೆಸರು ತೋರಿಸಿ, ಪಾಲು ತಗೊಂಡು ಹೋಗಿ ಅಂತ ಹೇಳಿ ಕೈಗೆ ಒಂದು ಲೋಟ ನೀರು ಕೊಟ್ಟು ಕಳಿಸಿದಳು. ಇನ್ನು ಬೀಗದಜ್ಜನ ಲಾಭ ಅಂದರೆ, ತಿಂಗಳ ಕೊನೆಗೆ ಮೇಜಿನ ಮೇಲೆ ಸುರಿದು ಮೂರು ಸಮಭಾಗ. ಹಂಚಿದ ಮೇಲೆ ಪಕ್ಕದ ಅಂಗಡಿಯ ಬಿಸ್ಕತ್ತು. ಅದರಲ್ಲಿ ಯಾರಿಗೂ ಎಂದೂ ಅನುಮಾನ ಬರಲಿಲ್ಲ, ಮೊದಲ ಪುಟ ತೆಗೆದು ನೋಡುವ ಪ್ರಸಂಗವೂ ಬರಲಿಲ್ಲ.

ಆಮೇಲೆ ಕಾಲ ಬದಲಾಯಿತು. ಅಕ್ಷರವನ್ನು ಕಂಪ್ಯೂಟರೇ ಕೂಡಿಸತೊಡಗಿತು. ಗೆರೆಯಣ್ಣ ಎರಡು ವರ್ಷದ ಹಿಂದೆ ಎದೆನೋವಿನಿಂದ ತೀರಿಕೊಂಡ. ಅವನ ಪಾಲು ಮಗಳಿಗೆ ಹೋಗುತ್ತಿತ್ತು. ಆಸ್ಪತ್ರೆಯಲ್ಲಿ ನರ್ಸು ಅವಳು, ಎರಡು ಮಕ್ಕಳ ತಾಯಿ, ಮನೆ ಸಾಲದ ಕಂತು ಕಟ್ಟುವಷ್ಟರಲ್ಲಿ ಸುಸ್ತಾಗುವ ಹುಡುಗಿ. ಅಕ್ಷರದಕ್ಕನ ಬಲಗೈ ಅರವತ್ತಕ್ಕೆ ನಡುಗತೊಡಗಿತು. ಪತ್ರಿಕೆ ನಿಂತಿತು. ಪಿಂಚಣಿ ಕೊಡುವ ನೌಕರಿ ಅವಳು ಎಂದೂ ಮಾಡಿದವಳಲ್ಲ, ಗಡಿಯಾರ ರಿಪೇರಿಗೆ ಬರುವವರೂ ಬೆರಳೆಣಿಕೆ. ಅದರ ಮೇಲೆ ಮನೆಯ ಒಡೆಯ, ಮನೆ ಮಾರುತ್ತೇನೆ, ಕೊಳ್ಳುವುದಾದರೆ ನೀವೇ ಮೊದಲು ಅಂತ ಬೇರೆ ಹೇಳಿ ಹೋಗಿದ್ದ.

ಅಷ್ಟು ಹೊತ್ತಿಗೆ ಬೀಗದಜ್ಜನನ್ನು ಸಿನಿಮಾದವರು ಕೇಳಿಕೊಂಡು ಬಂದರು. ಕಾರ್ಟೂನು ಚಿತ್ರ ಮಾಡುತ್ತಾರಂತೆ. ಅವರು ಹೇಳಿದ ಮೊತ್ತ ಕೇಳಿ ಮೇಷ್ಟ್ರು ಕುರ್ಚಿ ಹುಡುಕಿಕೊಂಡು ಕೂತರು. ಮೂರರಲ್ಲಿ ಒಂದು ಪಾಲು ಬಂದರೂ ಆ ಮನೆ ಕೊಂಡು, ಉಳಿದದ್ದರಲ್ಲಿ ಇಬ್ಬರೂ ನೆಮ್ಮದಿಯಾಗಿ ಮುದುಕರಾಗಬಹುದು ಅಂತ ಅಕ್ಷರದಕ್ಕ ಗಂಡನ ಜೊತೆ ಲೆಕ್ಕ ಹಾಕಿದಳು. ಸಿನಿಮಾದವರ ವಕೀಲರು ನಿಯಮದ ಹಾಳೆ ಓದಿದರು, ಒಳ್ಳೆಯ ನಿಯಮ ಅಂತ ಮೆಚ್ಚಿದರು, ಮೊದಲ ಸಂಚಿಕೆ ತರಿಸಿದರು. ಆಮೇಲೆ ಕನ್ನಡಕ ತೆಗೆದು, ಇದರಲ್ಲಿ ಎರಡೇ ಹೆಸರು ಇವೆಯಲ್ಲ ಅಂದರು.

ಅಕ್ಷರದಕ್ಕ ಪುಸ್ತಕ ಕಿತ್ತುಕೊಂಡು ನೋಡಿದಳು. ಹೆಸರಿನ ಚೌಕದಲ್ಲಿ ಕತೆ ಅಂತ ಮೇಷ್ಟ್ರ ಹೆಸರಿತ್ತು, ಚಿತ್ರ ಅಂತ ಗೆರೆಯಣ್ಣನ ಹೆಸರಿತ್ತು, ಅದರ ಕೆಳಗೆ ಅಂದಕ್ಕೆ ಬರೆದ ಒಂದು ಎಲೆಬಳ್ಳಿ ಇತ್ತು. ಎರಡು ಹೆಸರೂ ಅವಳ ಕೈಬರಹವೇ. ಅವಳ ಹೆಸರು ಎಲ್ಲೂ ಇಲ್ಲ. ಬಳ್ಳಿಗೆ ಜಾಗ ಇತ್ತು, ನನಗೆ ಇರಲಿಲ್ಲವಾ ಅಂದಳು.

ಮನೆಗೆ ಬಂದು ಮೇಷ್ಟ್ರನ್ನು ಹಿಡಿದು ಜಾಡಿಸಿದಳು. ಹೆಸರುಗಳ ಚೀಟಿ ಬರೆದುಕೊಟ್ಟವರು ನೀವೇ ತಾನೇ, ನನ್ನನ್ನು ಯಾಕೆ ಬಿಟ್ಟಿರಿ ಅಂತ. ಚಿತ್ರದ ಜೊತೆಗೆ ನಿನ್ನ ಹೆಸರು ಗೆರೆಯಣ್ಣನೇ ಸೇರಿಸುತ್ತಾನೆ ಅಂದುಕೊಂಡಿದ್ದೆ ಅಂತ ಮೇಷ್ಟ್ರು ತಲೆ ಕೆರೆದುಕೊಂಡರು. ಹಾಗಾದರೆ ಅವನೂ ನನ್ನನ್ನು ಲೆಕ್ಕಕ್ಕೆ ಹಿಡಿಯಲಿಲ್ಲ ಅಂತಾಯಿತು ಅಂದಳು. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಂಥ ಸಂಕಟ! ಜಗಳ ಆಡೋಣ ಅಂದರೆ ಮನುಷ್ಯನೇ ಇಲ್ಲ. ಮೇಷ್ಟ್ರು ಪಾಪ, ಕಣ್ಣು ಒದ್ದೆ ಮಾಡಿಕೊಂಡು, ತಮ್ಮ ಅರ್ಧದಲ್ಲಿ ಅರ್ಧ ಅವಳಿಗೇ ಬರೆದುಕೊಡುತ್ತೇನೆ ಅಂದರು.

"ನೀವು ಕೊಟ್ರೆ ಅದು ದಾನ ಮೇಷ್ಟ್ರೇ," ಅಂದಳು ಅಕ್ಷರದಕ್ಕ. "ನನಗೆ ದಾನ ಬೇಡ. ದುಡ್ಡು ಬೇಡ ಅಂತ ನಾನು ಹೇಳ್ತಿಲ್ಲ, ದುಡ್ಡು ಬೇಕೇ ಬೇಕು. ಆದ್ರೆ ಪಾಲು ಅಂತ ಬರಬೇಕು."

ಗೆರೆಯಣ್ಣನ ಮಗಳಿಗೆ ಫೋನು ಮಾಡಿದಳು. ಆ ಹುಡುಗಿ ಚಿಕ್ಕಂದಿನಿಂದ ಅವಳನ್ನು ಅತ್ತೆ ಅಂತಲೇ ಕರೆದವಳು. ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, ಅತ್ತೆ, ಹಾಳೆಯಲ್ಲಿ ಹೇಗಿದೆಯೋ ಹಾಗೇ ಆಗಲಿ, ನನಗೂ ಕಷ್ಟ ಇದೆ ಅಂದಳು. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಮೂರರಲ್ಲಿ ಒಂದರ ಬದಲು ಎರಡರಲ್ಲಿ ಒಂದು ಸಿಗುವಾಗ, ಅದೂ ನಿಯಮವೇ ಕೊಡುವಾಗ, ಯಾರು ತಾನೇ ಬೇಡ ಅಂದಾರು? ಅದಕ್ಕಿಂತ ಹೆಚ್ಚಾಗಿ, ಆ ನಿಯಮ ಅಕ್ಷರದಕ್ಕನೇ ಬರೆದದ್ದು. ಅಚ್ಚಿನ ಮನೆಯವನನ್ನು ನೀರು ಕುಡಿಸಿ ಕಳಿಸಿದವಳು ಈಗ ಯಾವ ಬಾಯಲ್ಲಿ ನಿಯಮ ಸಡಿಲಿಸಿ ಅನ್ನುವುದು? ಅವಳು ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ಗಂಡ ಅವಳ ತಟ್ಟೆಯ ಮುಂದೆ ಕೂತಿರುತ್ತಿದ್ದ.

ನಾಲ್ಕನೆಯ ದಿನ ಬೆಳಿಗ್ಗೆ ಹುಡುಗಿಯೇ ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು, ಬಿಳಿ ಬಟ್ಟೆ ಇನ್ನೂ ಬದಲಿಸಿರಲಿಲ್ಲ. ಕೈಯಲ್ಲಿ ಬಟ್ಟೆ ಸುತ್ತಿದ ದಪ್ಪ ರಟ್ಟು. ಸಿನಿಮಾದವರು ಮೊದಲ ಪುಟದ ಮೂಲಚಿತ್ರ ಕೇಳಿದ್ದರಂತೆ, ಅಪ್ಪನ ಪೆಟ್ಟಿಗೆಯಿಂದ ತೆಗೆದಳಂತೆ. ಬಿಚ್ಚಿ ಮೇಜಿನ ಮೇಲಿಟ್ಟಳು. ಗೆರೆಯಣ್ಣನ ಕೈಯ ರಟ್ಟು, ಮಸಿ ಇನ್ನೂ ಕಪ್ಪಗೇ ಇತ್ತು. ಮಸಿಯ ಗೆರೆಗಳ ನಡುವೆ ತಿಳಿನೀಲಿ ಪೆನ್ಸಿಲ್ಲಿನ ಗೆರೆಗಳಿದ್ದವು. ಆಗಿನ ಚಿತ್ರಗಾರರು ಮೊದಲು ಎಲ್ಲವನ್ನೂ ತಿಳಿನೀಲಿಯಲ್ಲಿ ಗುರುತು ಹಾಕಿಕೊಂಡು ಮೇಲೆ ಮಸಿ ತೀಡುತ್ತಿದ್ದರು. ಅಚ್ಚಿನ ಮನೆಯ ಕ್ಯಾಮೆರಾಕ್ಕೆ ಆ ನೀಲಿ ಕಾಣುತ್ತಿರಲಿಲ್ಲ, ಆದ್ದರಿಂದ ಅಳಿಸುವ ಗೋಜೂ ಇರಲಿಲ್ಲ. ಹುಡುಗಿ ಹೆಸರಿನ ಚೌಕದ ಮೇಲೆ ಬೆರಳಿಟ್ಟಳು. ಎಲೆಬಳ್ಳಿಯ ಮಸಿಯ ಅಡಿಯಲ್ಲಿ, ತಿಳಿನೀಲಿಯಲ್ಲಿ, ಗೆರೆಯಣ್ಣನ ಕಾಗೆಕಾಲಿನ ಕೈಬರಹದಲ್ಲಿ ಅಕ್ಷರದಕ್ಕನ ನಿಜವಾದ ಹೆಸರು ಇತ್ತು. ಪಕ್ಕದಲ್ಲಿ 'ಅಕ್ಷರ ಮತ್ತು ಗೊಣಗಾಟ' ಅಂತ ಬೇರೆ ಬರೆದಿದ್ದ.

"ಇದು ಏನತ್ತೆ?" ಅಂದಳು ಹುಡುಗಿ. "ಅಪ್ಪ ನಿಮ್ಮ ಹೆಸರು ಬರೆದು, ಆಮೇಲೆ ಬೇಡ ಅಂತ ಬಳ್ಳಿ ಬರೆದು ಮುಚ್ಚಿಬಿಟ್ರಾ?"

ಹೌದು ಅಂದಿದ್ದರೆ ಆಗಿಹೋಗುತ್ತಿತ್ತು. ಅಪ್ಪ ಮಾಡಿದ ಅನ್ಯಾಯ ಅಂತ ಆ ಹುಡುಗಿ ನಾಚಿಕೆಯಿಂದಲೇ ಪಾಲು ಬಿಟ್ಟುಕೊಡುತ್ತಿದ್ದಳು. ಅಕ್ಷರದಕ್ಕ ರಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಳ್ಳಿಯನ್ನು ನೋಡಿದಳು. ಎಲೆಯ ತುದಿ ಎಡಕ್ಕೆ ತಿರುಗಿತ್ತು, ನಿಬ್ಬು ಎತ್ತುವಾಗ ಒಂದು ಚುಕ್ಕೆ ಉಳಿದಿತ್ತು. ತನ್ನ ಕೈ ತನಗೆ ಗೊತ್ತಾಗದೇ ಇರುತ್ತದೆಯೇ? ಆ ದಿನ ಪೂರ್ತಿ ನೆನಪಾಯಿತು. ಅಚ್ಚಿನ ಮನೆಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದ. ಮೇಷ್ಟ್ರ ಚೀಟಿ ನೋಡಿಕೊಂಡು ಎರಡು ಹೆಸರು ಬರೆದಳು. ಕೆಳಗೆ ಜಾಗ ಉಳಿಯಿತು. ಕಂಪನಿಯಲ್ಲಿ ಹನ್ನೊಂದು ವರ್ಷ ಎಲ್ಲರ ಹೆಸರೂ ಬರೆದವಳು, ಒಮ್ಮೆಯೂ ತನ್ನದು ಬರೆದವಳಲ್ಲ. ಅಕ್ಷರ ಬರೆಯುವವರ ಹೆಸರು ಹಾಕುವ ಪದ್ಧತಿಯೇ ಆ ಕಸುಬಿನಲ್ಲಿ ಇರಲಿಲ್ಲ. ನೀಲಿ ಕಂಡರೆ ಚಿತ್ರಗಾರನ ಗುರುತು ಅಂತ ದಾಟಿ ಹೋಗುವ ಕಣ್ಣು ಅದು. ಓದಲೂ ಇಲ್ಲ. ಖಾಲಿ ಜಾಗ ಅಂತ ಅದರ ಮೇಲೇ ಬಳ್ಳಿ ಎಳೆದುಬಿಟ್ಟಳು.

"ಬಳ್ಳಿ ನನ್ನದು ಕಣೇ," ಅಂದಳು. "ನಿಮ್ಮಪ್ಪ ನನ್ನ ಹೆಸರು ಬರೆದಿದ್ದ. ಮುಚ್ಚಿದವಳು ನಾನೇ. ಈ ಮೂರು ದಿನ ಅವನನ್ನ ಎಷ್ಟು ಬೈದೆ ಗೊತ್ತಾ, ಆ ಮನುಷ್ಯನ್ನ."

ಅಷ್ಟು ಹೇಳಿ ರಟ್ಟನ್ನು ಮೇಜಿನ ಮೇಲಿಟ್ಟಳು. ಹುಡುಗಿ ರಟ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು, ಶುಕ್ರವಾರ ವಕೀಲರ ಹತ್ತಿರ ಸಿಗೋಣ ಅಂತ ಹೇಳಿ ಹೋದಳು. ನೀನು ಸುಮ್ಮನೆ ಇರಬಹುದಿತ್ತಲ್ಲ ಅಂತ ಗಂಡ ಕೇಳಲಿಲ್ಲ. ಅವಳು ಸುಮ್ಮನಿರುವ ಜಾತಿಯಲ್ಲ ಅಂತ ಅವನಿಗೆ ಮದುವೆಯಾದ ವಾರವೇ ಗೊತ್ತಾಗಿತ್ತು.

ಶುಕ್ರವಾರ ವಕೀಲರ ಕಚೇರಿ. ಉದ್ದನೆಯ ಮೇಜು, ತಿರುಗುವ ಕುರ್ಚಿಗಳು, ಗಾಜಿನ ಲೋಟದಲ್ಲಿ ನೀರು. ಹುಡುಗಿ ಬಾಯಿ ತೆರೆಯುವ ಮೊದಲೇ ಅಕ್ಷರದಕ್ಕ ತಾನೇ ನಡೆದದ್ದನ್ನೆಲ್ಲ ಹೇಳಿದಳು, ಒಂದಕ್ಷರ ಬಿಡಲಿಲ್ಲ. ವಕೀಲರು ಒಳ್ಳೆಯವರೇ, ಆದರೆ ವಕೀಲರು. ನೀವೇ ಮುಚ್ಚಿದ್ದು ಅಂದರೆ ನೀವೇ ಬಿಟ್ಟುಕೊಟ್ಟ ಹಾಗಾಯಿತಲ್ಲ ಅಂದರು. ಅಚ್ಚಾದ ಪುಸ್ತಕದ ಪ್ರಕಾರ ಒಡೆಯರು ಇಬ್ಬರೇ, ಆ ಇಬ್ಬರೂ ಮೂರನೆಯವರನ್ನು ಒಪ್ಪಿದರೆ ಮಾತ್ರ ಬದಲಾಯಿಸಬಹುದು ಅಂದರು. ಮೇಷ್ಟ್ರು ಆ ಮಾತು ಮುಗಿಯುವ ಮೊದಲೇ ಕೈ ಎತ್ತಿದರು, ಶಾಲೆಯಲ್ಲಿ ಎತ್ತುವ ಹಾಗೆ. ವಕೀಲರು ಹುಡುಗಿಯ ಕಡೆ ತಿರುಗಿ, ನೀವು ಒಪ್ಪಲೇಬೇಕು ಅಂತೇನಿಲ್ಲ, ಒಪ್ಪದಿದ್ದರೆ ಅರ್ಧ ನಿಮ್ಮದು, ಯೋಚನೆ ಮಾಡಿ ಹೇಳಿ ಅಂದರು.

ಅಕ್ಷರದಕ್ಕ ನಡುಗುವ ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡಳು. ಮನೆ ಹೋದ ಹಾಗೇ ಅಂತ ಅವಳ ಮನಸ್ಸು ಆಗಲೇ ಗಂಟುಮೂಟೆ ಕಟ್ಟುತ್ತಿತ್ತು. ಹುಡುಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಆ ಹುಡುಗಿಗೆ ಸಾಲ ಇದೆ, ಮಕ್ಕಳಿದ್ದಾರೆ, ಅವಳನ್ನು ದೂರುವ ಹಾಗಿಲ್ಲ.

ಹುಡುಗಿ ರಟ್ಟನ್ನು ಬಿಚ್ಚಿ ವಕೀಲರ ಮುಂದೆ ಇಟ್ಟಳು. ಪಕ್ಕದಲ್ಲಿ ನಿಯಮದ ಹಾಳೆ ಇಟ್ಟಳು.

"ಮೊದಲ ಪುಟದಲ್ಲಿ ಹೆಸರಿರುವವರು ಅಂತ ಇದೆ ಸಾರ್," ಅಂದಳು. "ಅಚ್ಚಾಗಿರಬೇಕು ಅಂತ ಎಲ್ಲೂ ಇಲ್ಲ. ಮೊದಲ ಪುಟ ಇದು. ಹೆಸರು ಇಲ್ಲಿದೆ, ನೋಡ್ಕೊಳ್ಳಿ. ನಮ್ಮಪ್ಪ ಬರೆದಿದ್ದು. ನಾನು ಒಪ್ಪೋದಕ್ಕೆ ಇದರಲ್ಲಿ ಏನೂ ಇಲ್ಲ, ಅವರು ಮೊದಲಿಂದಲೂ ಇದ್ದಾರೆ."

ವಕೀಲರು ಕನ್ನಡಕ ಹಾಕಿಕೊಂಡು ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಪಕ್ಕದ ಕೋಣೆಯ ಟೈಪಿಸ್ಟನನ್ನು ಕರೆದು, ಒಪ್ಪಂದದಲ್ಲಿ ಒಡೆಯರು ಮೂವರು ಅಂತ ತಿದ್ದಿ ತರಲು ಹೇಳಿದರು. ಹಾಳೆಗಳು ಬಂದವು. ಮೇಷ್ಟ್ರು ಸಹಿ ಹಾಕಿದರು, ಹುಡುಗಿ ಹಾಕಿದಳು. ಅಕ್ಷರದಕ್ಕನ ಸರದಿ ಬಂದಾಗ ಪೆನ್ನು ಹಿಡಿದವಳು ಹಾಗೇ ನಿಂತು, ಹುಡುಗಿಯ ಕಡೆ ತಿರುಗಿದಳು.

"ನಿನ್ನ ಪಾಲು ಕಮ್ಮಿ ಆಗೋಯ್ತಲ್ಲೇ."

"ಇಲ್ಲ ಅತ್ತೆ," ಅಂದಳು ಹುಡುಗಿ. "ಅಪ್ಪ ನನಗೆ ಬಿಟ್ಟು ಹೋಗಿದ್ದೇ ಇಷ್ಟು."

ಅಕ್ಷರದಕ್ಕ ಪೆನ್ನು ಕೆಳಗಿಟ್ಟು, ಅವಳ ಎರಡೂ ಕೈ ಹಿಡಿದುಕೊಂಡು, ವಕೀಲರ ಎದುರಿಗೇ ಗಟ್ಟಿಯಾಗಿ ಅತ್ತಳು. ಎಲ್ಲರೂ ಅವಳ ಸಹಿಗಾಗಿ ಕಾದರು.